ದಕ್ಷಿಣಕ್ಕೆ ಯಾರು?

ಊಟದ ತಟ್ಟೆಯ ಮುಂದೆ ಕೂತರೆ ಸಾಕು, ನನ್ನ ಮನಸ್ಸು ತಾನಾಗಿ ಚೆಕ್ಕುಬಂದಿ ಬರೆಯತೊಡಗುತ್ತದೆ: ಮುದ್ದೆಗೆ ಪೂರ್ವಕ್ಕೆ ಸೊಪ್ಪಿನ ಸಾರು, ಪಶ್ಚಿಮಕ್ಕೆ ಉಪ್ಪಿನಕಾಯಿ, ಉತ್ತರಕ್ಕೆ ಈರುಳ್ಳಿ, ದಕ್ಷಿಣಕ್ಕೆ ನಾನು. ಇದು ಹಸಿವಿನ ಲಕ್ಷಣವಲ್ಲ, ವೃತ್ತಿಯ ವಿಕಾರ. ಕಡೂರಿನಲ್ಲಿ ಹನ್ನೊಂದು ವರ್ಷ ಕ್ರಯಪತ್ರ, ದಾನಪತ್ರ, ವಿಭಾಗಪತ್ರಗಳನ್ನು ಟೈಪು ಮಾಡಿದವಳಿಗೆ, ಚೆಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ನೆರೆಹೊರೆ, ಗೊತ್ತಾಗದ ಹೊರತು ಯಾವ ವಸ್ತುವಿನ ಮೇಲೂ ನಂಬಿಕೆ ಬರುವುದಿಲ್ಲ. ಪೂರ್ಣವಿರಾಮವಂತೂ ಪೂರ್ಣ ಮರೆತೇಹೋಗಿದೆ. ನಮ್ಮ ವಾಕ್ಯ 'ಸದರಿ ಸ್ವತ್ತು' ಎಂದು ಹೊರಟರೆ ಸಾಕ್ಷಿಗಳ ರುಜುವಿನ ತನಕ ಉಸಿರು ಬಿಡದು.

ಇಂಥವಳಿಗೆ ಮೂವತ್ನಾಲ್ಕನೇ ವಯಸ್ಸಿನಲ್ಲಿ, ಕೂತು ತಿನ್ನುವ ಕೆಲಸ ಬಿಟ್ಟು ಎರಡು ವರ್ಷ ಡಿ.ಎಡ್. ಓದಿ ಪ್ರೈಮರಿ ಟೀಚರಾಗುವ ಹುಚ್ಚು ಹಿಡಿದಿದೆ ಎಂದರೆ ನೀವು ನಗುತ್ತೀರಿ. ನಗಿ, ಅಡ್ಡಿಯಿಲ್ಲ, ಅಮ್ಮನೂ ನಕ್ಕಾಯಿತು. ತಪ್ಪೆಲ್ಲ ನಮ್ಮ ಸೋದರತ್ತೆಯದು. ಶಿವನಿ ಕಡೆಯ ಸಣ್ಣ ಶಾಲೆಯೊಂದಕ್ಕೆ ಅವರು ಹೆಡ್‌ಮಿಸ್. ಇದ್ದೊಬ್ಬ ಟೀಚರು ವಾರದ ತರಬೇತಿಗೆ ಹೋದಾಗ, "ಬಂದು ಸುಮ್ನೆ ಮಕ್ಳನ್ನ ಕೂರಿಸ್ಕೊಂಡಿರು ಕಣೇ, ಸಾಕು" ಎಂದರು. ನಾನೂ ರಜೆ ಹಾಕಿ ಬೀರೂರಿನಲ್ಲಿ ರೈಲು ಹತ್ತಿದೆ.

ಮೊದಲ ದಿನವೇ ಎಡವಟ್ಟು. ಮೂರನೇ ತರಗತಿಗೆ ಹಸುವಿನ ಬಗ್ಗೆ ನಾನು ಬೋರ್ಡಿನ ಮೇಲೆ ಬರೆದದ್ದು: 'ಸದರಿ ಹಸುವಿಗೆ ನಾಲ್ಕು ಕಾಲುಗಳಿರುತ್ತವೆ.' ಮಕ್ಕಳು ಭಕ್ತಿಯಿಂದ ಇಳಿಸಿಕೊಂಡವು. ಮಧ್ಯಾಹ್ನದ ಹೊತ್ತಿಗೆ ಸದರಿ ಸೀಮೆಸುಣ್ಣ, ಸದರಿ ಅನ್ನಸಾರು, ಕೊನೆಗೆ "ಮಿಸ್, ಸದರಿ ಮಂಜ ನನ್ನ ಚಿವುಟ್ಬಿಟ್ಟ!" ಎಂಬ ದೂರು. ಅತ್ತೆ ಬಿದ್ದೂ ಬಿದ್ದೂ ನಕ್ಕರು. ನನಗೆ ನಾಚಿಕೆಯೇನೋ ಆಯಿತು. ಆದರೆ ಹನ್ನೊಂದು ವರ್ಷದಲ್ಲಿ ನನ್ನ ಬರಹದಿಂದ ಯಾರೂ ಇಷ್ಟು ಸಂತೋಷಪಟ್ಟಿರಲಿಲ್ಲ.

ಹೇಗೂ ಮಾನ ಹೋಗಿದೆಯೆಂದು ಕೊನೆಯ ದಿನ ಚೆಕ್ಕುಬಂದಿಯನ್ನೇ ಕಲಿಸಿದೆ. "ಜಮೀನಿಗೆ ಬರೆಯೋ ಹಂಗೆ ನಿಮಗೆ ನೀವೇ ಬರ್ಕೊಳ್ಳಿ. ನಿಮ್ಮ ಸುತ್ತ ಯಾರ್‍ಯಾರಿದ್ದಾರೆ?" ವಾರವೆಲ್ಲ ತುಟಿ ಬಿಚ್ಚದ ಗೌರಿ ಎಲ್ಲರಿಗಿಂತ ಮೊದಲು ಪುಸ್ತಕ ತಂದಳು. ಪೂರ್ವಕ್ಕೆ ಅಜ್ಜಿ, ಪಶ್ಚಿಮಕ್ಕೆ ಅಪ್ಪ, ಉತ್ತರಕ್ಕೆ ಕರು. ದಕ್ಷಿಣ ಖಾಲಿ.

"ಇಲ್ಲಿ ಯಾರೂ ಇಲ್ವೇನೇ?" ಎಂದೆ.

"ನೀವು ಮತ್ತೆ ಬತ್ತೀರಾ ಮಿಸ್? ಬತ್ತೀನಿ ಅಂದ್ರೆ ಬರೀತೀನಿ."

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಎರಡು ವರ್ಷ ಓದ್ಬೇಕು ಕಣೇ. ಪಾಸಾಗ್ಬೇಕು. ಆಮೇಲೂ ಇದೇ ಸ್ಕೂಲು ಸಿಗುತ್ತೋ ಇಲ್ವೋ."

ಅವಳು ಕೈಲಿದ್ದ ಪೆನ್ನು ಬದಿಗಿಟ್ಟಳು. "ಹಂಗಾದ್ರೆ ಪೆನ್ಸಿಲ್ಲಲ್ಲಿ ಬರ್ಕೊಂಡಿರ್ತೀನಿ" ಎಂದು ಡೆಸ್ಕಿಗೆ ಬಾಗಿ ಬರೆದಳು: 'ದಕ್ಷಿಣಕ್ಕೆ: ಸದರಿ ಮಿಸ್.'

ಎಷ್ಟೋ ಎಕರೆಗಳನ್ನು ಅವರಿವರ ಹೆಸರಿಗೆ ಬರೆದುಕೊಟ್ಟಿದ್ದೇನೆ. ನನ್ನ ಹೆಸರು ಯಾರ ಚೆಕ್ಕುಬಂದಿಯಲ್ಲೂ ಬಂದಿರಲಿಲ್ಲ. ವಾಪಸು ಬರುವಾಗ ಅಜ್ಜಂಪುರ ದಾಟುವವರೆಗೂ ಕಿಟಕಿಯ ಕಡೆ ಮುಖ ಮಾಡಿ ಅಳುತ್ತಿದ್ದೆ.

ಇವತ್ತು ಮಧ್ಯಾಹ್ನ ಊಟಕ್ಕೆ ಕೂತಿದ್ದೇನೆ. "ಮುದ್ದೆ ಆರೋಗ್ತೈತೆ, ಅದೇನ್ ಬರೀತಾ ಕೂತ್ಯೇ?" ಎಂದು ಅಮ್ಮ ಗದರುತ್ತಿದ್ದಾಳೆ. ಮುದ್ದೆಗೆ ಪೂರ್ವಕ್ಕೆ ಸಾರು, ಪಶ್ಚಿಮಕ್ಕೆ ಉಪ್ಪಿನಕಾಯಿ, ಉತ್ತರಕ್ಕೆ ಡಿ.ಎಡ್. ಅರ್ಜಿ, ದಕ್ಷಿಣಕ್ಕೆ ಸದರಿ ಮಿಸ್. ಅರ್ಜಿಯನ್ನು ಪೆನ್ನಿನಲ್ಲೇ ತುಂಬಿದ್ದೇನೆ.