ಐದೂ ಊರು ಮೊದಲು

ನಮ್ಮ ಸಹಕಾರ ಸಂಘದ ಶಾಖೆಗಳಿಗೆಲ್ಲ ಒಂದೇ ಪೋರ್ಟಲ್ ಸಿದ್ಧಪಡಿಸುವ ಹೊಣೆ ನನ್ನದಾಗಿತ್ತು. ಮುಖಪುಟದಲ್ಲಿ ಊರುಗಳನ್ನು ಅಕಾರಾದಿಯಾಗಿ ಜೋಡಿಸಿದ್ದೆ: ಚಿಂಚೋಳಿ, ಚಿತ್ತಾಪುರ, ವಾಡಿ, ಶಹಾಬಾದ, ಸೇಡಂ. ಸೇಡಂ ಶಾಖೆಯ ವ್ಯವಸ್ಥಾಪಕರು ಒಪ್ಪಿಗೆ ಕೊಡಲಿಲ್ಲ. ಐದೂ ಶಾಖೆಗಳ ವ್ಯವಸ್ಥಾಪಕರು ಒಪ್ಪದೆ ಪೋರ್ಟಲ್ ಆರಂಭವಾಗುವಂತಿರಲಿಲ್ಲ.

"ನಾವೇನು ಎಲ್ಲಾರ ಚಪ್ಪಲ್ ಕಾಯ್ಲಾಕ ಹಿಂದ ನಿಂತೀವೇನ್ರಿ, ಮೇಡಂ?"

"ಅದು ಅಕ್ಷರಮಾಲೆಯ ಕ್ರಮ, ಸರ್."

"ಅಕ್ಷರಮಾಲಿ ಸಾಲ್ಯಾಗ ಇರ್ಲಿರಿ. ನಮ್ಮ ಮಂದಿಗಿ ನಾ ಹ್ಯಾಂಗ ಮಾರಿ ತೋರಿಸ್ಲಿ?"

ಸೇಡಂ ಅನ್ನು ಮೇಲೇರಿಸಿದರೆ ಚಿಂಚೋಳಿಯವರು ಮುನಿಯುತ್ತಿದ್ದರು. ಕೊನೆಗೆ ಸರ್ವರಿನ ಸೆಟ್ಟಿಂಗ್ ಬದಲಿಸಿ, ಯಾರು ಲಾಗಿನ್ ಆದರೂ ಅವರ ಊರೇ ಮೊದಲು ಕಾಣುವಂತೆ ಮಾಡಿದೆ. ಸಂಜೆಯೊಳಗೆ ಎಲ್ಲರ ಒಪ್ಪಿಗೆಯೂ ಬಂದಾಗ ನಿರಾಳವಾಗಿ ಉಸಿರಾಡಿದೆ.

"ಖರೇ ನ್ಯಾಯ ಮಾಡಿದ್ರಿ, ಮೇಡಂ" ಎಂದು ಐವರೂ ಬೇರೆಬೇರೆಯಾಗಿ ಫೋನ್ ಮಾಡಿದರು. ಉದ್ಘಾಟನೆ ಮಾತ್ರ ಒಂದೇ ಪರದೆಯ ಮುಂದೆ ಬೇಡ, ಆಯಾ ಊರಿನಲ್ಲಿಯೇ ಆಗಲಿ ಎಂದು ಅಧ್ಯಕ್ಷರಿಗೆ ಸವಿನಯವಾಗಿ ಸೂಚಿಸಿದ್ದೇನೆ.