ಚಕ್ರಕ್ಕೆ ಕಟ್ಟಿದ ಬಾಳೆನಾರು

ಮಕ್ಕಳೇ, ಸ್ಪರ್ಧೆಗೆ ಹೊರಡುವ ಮೊದಲು ನಿಮ್ಮ ಚಿಕ್ಕಮ್ಮ ತನ್ನ ಕೆಂಪು ಕಾರಿನ ಹಿಂದಿನ ಚಕ್ರಗಳಿಗೆ ಬಾಳೆನಾರು ಯಾಕೆ ಕಟ್ಟುತ್ತಾಳೆ ಎಂದು ರಜೆಯಲ್ಲಿ ಕೇಳಿದಿರಿ. ಎಲ್ಲರೂ ಕುಳಿತು ನೋಡುತ್ತಿರುವಾಗ ಹೇಳಲು ಈ ಅಜ್ಜಿಗೆ ನಾಚಿಕೆಯಾಯಿತು. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ. ಹಾಗಾಗಿ ಬರೆಯುತ್ತೇನೆ.

ಮೊದಲು ಅವಳ ಹತ್ತಿರ ಹಳೆಯ ಬಿಳಿ ಕಾರು ಇತ್ತು. ಕಾರ್ಕಳದ ಹತ್ತಿರ ಮಳೆಗಾಲದಲ್ಲಿ ಕೆಸರು ಗದ್ದೆಯಲ್ಲಿ ಕಾರು ಓಡಿಸುವ ಸ್ಪರ್ಧೆ ನಡೆಯುತ್ತದೆ. ಅದರಲ್ಲಿ ಆ ಕಾರಿನ ಒಂದು ಚಕ್ರ ಕೊನೆಯ ತಿರುವಿನಲ್ಲಿ ಹೂತುಹೋಯಿತು. ಇವಳು ಎಕ್ಸಲರೇಟರ್ ಎಷ್ಟು ಒತ್ತಿದರೂ ಅದೊಂದೇ ಚಕ್ರ ಗಿರಗಿರ ತಿರುಗುತ್ತದೆ, ಕಾರು ಅಲ್ಲೇ. ಮೈಕಿನವನಿಗೆ ಅಷ್ಟು ಸಾಕಾಯಿತು. "ಅಕ್ಕ ಗದ್ದೆ ಉಳ್ತಾ ಇದ್ದಾರೆ ಮಾರಾಯ್ರೇ! ಯಾರಾದ್ರೂ ಭತ್ತದ ನೇಜಿ ತನ್ನಿ, ನಾಟಿ ಮಾಡಿಯೇ ಹೋಗುವ!" ಗದ್ದೆಯೆಲ್ಲ ನಕ್ಕಿತು. ಅವಳೂ ನಕ್ಕಳು. ಮನೆಗೆ ಬಂದವಳು ಊಟ ಮಾಡಲಿಲ್ಲ.

ಮರುದಿನದಿಂದ ಅವಳ ಬಾಯಲ್ಲಿ ಒಂದೇ ಮಾತು, ಲಿಮಿಟೆಡ್ ಸ್ಲಿಪ್ ಡಿಫರೆನ್ಶಿಯಲ್. ನಾನು ಮೂರು ದಿನ ಬಾಯಿಪಾಠ ಮಾಡಿದ ಹೆಸರು ಇದು, ಹಾಗಾಗಿ ಪೂರ್ತಿ ಬರೆದಿದ್ದೇನೆ. ಸಾಧಾರಣ ಕಾರಿನಲ್ಲಿ ಯಾವ ಚಕ್ರ ಸುಲಭವಾಗಿ ಜಾರುತ್ತದೋ ಅದೇ ತಿರುಗುತ್ತಾ ಇರುತ್ತದಂತೆ. ಗಟ್ಟಿ ನೆಲದ ಮೇಲಿರುವ ಚಕ್ರ ಚಹಾಕ್ಕೆ ಕಾಯುವ ಅಳಿಯನ ಹಾಗೆ ಸುಮ್ಮನೆ ಕುಳಿತಿರುತ್ತದೆ. (ಇದನ್ನು ನಿಮ್ಮ ಅಪ್ಪನಿಗೆ ಓದಿ ಹೇಳಬೇಡಿ.) ಈ ಉದ್ದ ಹೆಸರಿನ ಸಾಮಾನು ಒಳಗಿದ್ದರೆ ಎರಡೂ ಚಕ್ರ ಕೆಲಸ ಮಾಡುತ್ತವೆ. ಅದಿಲ್ಲದೆ ಇನ್ನು ಆ ಗದ್ದೆಗೆ ಕಾಲಿಡುವುದಿಲ್ಲ ಎಂದು ಅವಳು ಹಟ ಹಿಡಿದಳು.

ಮುಂದಿನ ಮಳೆಗಾಲಕ್ಕೆ ಸ್ವಲ್ಪ ಮೊದಲು ಮಣಿಪಾಲದಲ್ಲಿ ಒಂದು ಕಾರು ಮಾರಾಟಕ್ಕಿದೆ ಎಂದು ತಿಳಿಯಿತು. ಎರಡೇ ಬಾಗಿಲಿನ ಕೆಂಪು ಸ್ಪೋರ್ಟ್ಸ್ ಕಾರು. ಮಾರುವವನು ಉತ್ತರದ ಕಡೆಯ ವಿದ್ಯಾರ್ಥಿ. ಪರೀಕ್ಷೆ ಮುಗಿಸಿ ಊರಿಗೆ ಹೊರಟಿದ್ದ. ಒಬ್ಬಳೇ ಹೋಗಲು ಇವಳಿಗೆ ಧೈರ್ಯವಿಲ್ಲದೆ ನನ್ನನ್ನೂ ಕರೆದಳು. ನಾನು ಮಲ್ಲಿಗೆಯ ಬುಟ್ಟಿ ಹಿಡಿದುಕೊಂಡು ಹೋದೆ. ಕಾಪುವಿನ ನಮ್ಮ ಹಿತ್ತಲಿನಲ್ಲಿ ಆದ ಮಲ್ಲಿಗೆಯನ್ನು ಮಧ್ಯಾಹ್ನದ ಒಳಗೆ ಕಟ್ಟಿ ಹೂವಿನ ವ್ಯಾಪಾರಿಗೆ ಕೊಡಬೇಕಿತ್ತು. ನಿಮ್ಮ ಅಜ್ಜ ಹೋದ ಮೇಲೆ ಮುಡಿಯುವುದನ್ನು ಬಿಟ್ಟೆ, ಕಟ್ಟುವುದನ್ನು ಬಿಡಲಿಲ್ಲ. ಪರರ ನಡುವೆ ಕೈಗೆ ಹೂವಿದ್ದರೆ ನನಗೆ ತಲೆ ತಗ್ಗಿಸಿ ಕುಳಿತುಕೊಳ್ಳಲು ಒಂದು ನೆಪವೂ ಆಗುತ್ತದೆ.

ಹಾಸ್ಟೆಲಿನ ಅಂಗಳದಲ್ಲಿ ಕಾರು ನಿಂತಿತ್ತು. ಮೆಟ್ಟಿಲ ತುಂಬ ಹುಡುಗರು. ನಾನು ಗೋಡೆಯ ಬದಿಯ ಕಲ್ಲಿನ ಮೇಲೆ ಕುಳಿತು ನಾರು ಬಿಡಿಸತೊಡಗಿದೆ.

"ಲಿಮಿಟೆಡ್ ಸ್ಲಿಪ್ ಉಂಟಾ ಇದರಲ್ಲಿ?" ಚಿಕ್ಕಮ್ಮ ಕೇಳಿದಳು.

"ಹಿಂದಿನ ಓನರ್ ಉಂಟು ಅಂತ ಹೇಳಿದ್ದಾರೆ ಆಂಟಿ. ನಾನು ಒಳಗೆ ನೋಡಿಲ್ಲ, ಸುಳ್ಳು ಯಾಕೆ ಹೇಳ್ಲಿ?" ಅವನ ಕನ್ನಡ ಮೆಸ್ಸಿನ ಅಡುಗೆಯವರಿಂದ ಕಲಿತದ್ದು. "ಮಧ್ಯಾಹ್ನ ಮಂಗಳೂರಿಂದ ಒಬ್ಬರು ಬರ್ತಾರೆ. ನೀವು ಬೇಗ ಹೇಳ್ಬೇಕು."

"ಆಂಟಿ ಅಲ್ಲ, ಅಕ್ಕ ಹೇಳು. ಜ್ಯಾಕ್ ತಾ."

ಪರೀಕ್ಷೆ ಕಷ್ಟದ್ದಲ್ಲ. ಮುಂದಿನ ಚಕ್ರಗಳಿಗೆ ಕೆಂಪುಕಲ್ಲು ಅಡ್ಡ ಇಟ್ಟರು, ಗೇರನ್ನು ನ್ಯೂಟ್ರಲ್ ಮಾಡಿದರು, ಹ್ಯಾಂಡ್‌ಬ್ರೇಕ್ ಇಳಿಸಿದರು, ಹಿಂದಿನ ಎರಡೂ ಚಕ್ರಗಳನ್ನು ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದರು. ಒಂದು ಚಕ್ರವನ್ನು ಕೈಯಿಂದ ತಿರುಗಿಸಬೇಕು. ಇನ್ನೊಂದು ಅದೇ ದಿಕ್ಕಿಗೆ ತಿರುಗಿದರೆ ಸಾಮಾನು ಇದೆ, ವಿರುದ್ಧ ತಿರುಗಿದರೆ ಇಲ್ಲ. ಈ ಸಾಮಾನಿನ ಎಲ್ಲ ಜಾತಿಯೂ ಹೀಗೆ ಸಿಕ್ಕಿಬೀಳುವುದಿಲ್ಲ, ಆದರೆ ಇಂಥ ಕಾರಿಗೆ ಹಾಕುವ ಜಾತಿ ಸಿಗುತ್ತದೆ ಎಂದು ಅವಳು ಬರುವಾಗಲೇ ನನಗೆ ಪಾಠ ಮಾಡಿದ್ದಳು.

ಅವಳು ಎಡಗಡೆಯ ಚಕ್ರದ ಎದುರು ಕುಕ್ಕರುಗಾಲಲ್ಲಿ ಕುಳಿತಳು. ಹುಡುಗ ಬಲಗಡೆಯ ಚಕ್ರದ ಎದುರು. ನಡುವೆ ಇಡೀ ಕಾರು, ಒಬ್ಬರಿಗೊಬ್ಬರು ಕಾಣುವುದಿಲ್ಲ.

"ನಾನು ಮೇಲ್ಗಡೆಯನ್ನು ನನ್ನ ಎಡಕ್ಕೆ ತಿರುಗಿಸ್ತಾ ಇದ್ದೇನೆ. ಅಲ್ಲಿ ಎಂತ ಆಗ್ತದೆ?"

"ಇಲ್ಲಿ ಬಲಕ್ಕೆ ಅಕ್ಕ!"

"ಸರಿ ನೋಡು ಮಾರಾಯ!"

"ಸರಿಯೇ ನೋಡಿದ್ದು. ಬಲಕ್ಕೆ!"

ಅವಳು ಕೈ ಬಿಟ್ಟು ನೆಲದ ಮೇಲೆ ಕುಳಿತುಬಿಟ್ಟಳು. ಆ ಮುಖ ನನಗೆ ಗೊತ್ತು, ಗದ್ದೆಯಿಂದ ಬಂದ ದಿನದ ಮುಖ. "ಇಲ್ಲ. ವಿರುದ್ಧ ತಿರುಗಿತು. ಹೋಗುವ ಅಮ್ಮ." ಹುಡುಗನೂ ಪಾಪ, ತಾನೇ ತಪ್ಪು ಮಾಡಿದವನ ಹಾಗೆ ಜ್ಯಾಕ್ ಹುಡುಕುತ್ತಿದ್ದ.

ನನ್ನ ಕೈಯ ಹೂವು ಅಲ್ಲಿಗೇ ನಿಂತಿತು. ಮನೆಯಲ್ಲಿ ನಾವಿಬ್ಬರು ಬುಟ್ಟಿಯನ್ನು ನಡುವೆ ಇಟ್ಟು ಎದುರುಬದುರು ಕುಳಿತು ಹೂ ಕಟ್ಟುತ್ತೇವಲ್ಲ? ನಾನು ಬಲಕ್ಕೆ ಸರಿಸಿದ ಮೊಗ್ಗು ಅವಳಿಗೆ ಎಡಕ್ಕೆ ಹೋಗುತ್ತದೆ. ದಿನಾ ಅದಕ್ಕೇ ಜಗಳ. ಈಗ ಇವರಿಬ್ಬರೂ ಕಾರನ್ನು ನಡುವೆ ಇಟ್ಟು ಹಾಗೆಯೇ ಕುಳಿತಿದ್ದಾರೆ!

ಹೇಳಬೇಕು. ಆದರೆ ಮೆಟ್ಟಿಲ ತುಂಬ ಇಂಜಿನಿಯರಿಂಗ್ ಹುಡುಗರು, ನಾನು ಏಳನೆಯ ಕ್ಲಾಸು. ನಾಲಿಗೆ ಏಳಲಿಲ್ಲ. ಕಾಲು ಎದ್ದಿತು. ಎರಡು ನಾರು ಹಿಡಿದು ಹೋಗಿ, ಎರಡೂ ಚಕ್ರಗಳ ಮೇಲ್ತುದಿಯ ಕಡ್ಡಿಗೆ ಒಂದೊಂದು ಗಂಟು ಹಾಕಿದೆ. ಗುರುತು ಕಾಣಲಿ ಎಂದು ಒಂದೊಂದು ಮೊಗ್ಗನ್ನೂ ಸೇರಿಸಿದೆ.

"ಅಜ್ಜಿ, ಪೂಜೆಯಾ?" ಮೆಟ್ಟಿಲಿನಿಂದ ಒಬ್ಬ ಕೇಳಿದ.

"ಅಮ್ಮಾ, ಎಂತ ಮಾಡ್ತಾ ಇದ್ದಿ? ಮರ್ಯಾದೆ ಹೋಗ್ತದೆ."

ನಾನು ಕಾರಿನ ಹಿಂದೆ, ಎರಡೂ ಚಕ್ರ ಕಾಣುವ ಕಡೆ ಹೋಗಿ ನಿಂತೆ. "ತಿರುಗಿಸು," ಎಂದೆ. ಅಷ್ಟೇ ಬಂತು.

ಅವಳು ಗೊಣಗುತ್ತಾ ತಿರುಗಿಸಿದಳು. ಎಡಗಡೆಯ ಮೊಗ್ಗು ಮುಂದಕ್ಕೆ ಬಾಗಿ ಇಳಿಯಿತು. ಬಲಗಡೆಯದೂ ಮುಂದಕ್ಕೇ ಬಾಗಿ ಇಳಿಯಿತು. ಬೇಕೆಂದೇ ಇನ್ನೊಮ್ಮೆ ತಿರುಗಿಸಲು ಹೇಳಿದೆ. ಜೋಡಿಯಾಗಿ ಹೋದವು, ಜೋಡಿಯಾಗಿ ಮೇಲೆ ಬಂದವು.

"ಇಲ್ಲಿ ಬಂದು ನೋಡು," ಎಂದು ಅವಳನ್ನು ನನ್ನ ಜಾಗದಲ್ಲಿ ನಿಲ್ಲಿಸಿ ನಾನೇ ಚಕ್ರ ತಿರುಗಿಸಿದೆ. ಕೈಯೆಲ್ಲ ಕಪ್ಪಾಯಿತು. ಅವಳು ಮೊದಲು ಕೈಗಳನ್ನು ಎಡಕ್ಕೆ ಬಲಕ್ಕೆ ಆಡಿಸಿ ಲೆಕ್ಕ ಹಾಕಿದಳು. ಆಮೇಲೆ ಕೂಗಿದ ಕೂಗಿಗೆ ಹಾಸ್ಟೆಲಿನ ಕಿಟಕಿಗಳೆಲ್ಲ ತೆರೆದವು. ಹುಡುಗ ಬಂದು ನೋಡಿ ತಲೆಗೆ ಹೊಡೆದುಕೊಂಡ. "ನಾಲ್ಕು ವರ್ಷ ಇದನ್ನೇ ಓದಿದ್ದು ಆಂಟಿ, ಛೆ!" ಅವನು ಆಂಟಿ ಎಂದರೂ ಆ ದಿನ ಚಿಕ್ಕಮ್ಮನಿಗೆ ಕೋಪ ಬರಲಿಲ್ಲ.

ಆ ಕಾರಿನಲ್ಲೇ ಮನೆಗೆ ಬಂದೆವು. ಅದರ ಸೀಟು ಎಷ್ಟು ತಗ್ಗು ಎಂದರೆ, ಕಾಪುವಿನಲ್ಲಿ ನನ್ನನ್ನು ಇಳಿಸಲು ಪಕ್ಕದ ಮನೆಯವಳೂ ಬಂದು ಕೈ ಹಿಡಿದು ಎಳೆಯಬೇಕಾಯಿತು. ಮೂವರೂ ನಕ್ಕು ನಕ್ಕು ಅಂಗಳದಲ್ಲೇ ಕುಳಿತೆವು. ಮಲ್ಲಿಗೆ ಆ ದಿನ ತಡವಾಗಿ ಹೋಯಿತು.

ಆಮೇಲೆ ಕಾರ್ಕಳದ ಗದ್ದೆ. ಹೊರಡುವ ಮೊದಲು ಅವಳೇ ಹಿಂದಿನ ಎರಡೂ ಚಕ್ರಗಳಿಗೆ ನನ್ನ ಬುಟ್ಟಿಯ ನಾರು ಕಟ್ಟಿದಳು, ಅಂದಿನಿಂದ ಅದನ್ನು ಬಿಟ್ಟಿಲ್ಲ. ಅದೇ ಮೈಕಿನವನು. "ಗದ್ದೆ ಉಳುವ ಅಕ್ಕ ಪುನಃ ಬಂದಿದ್ದಾರೆ, ನೇಜಿ ರೆಡಿ ಉಂಟಾ?" ಕೊನೆಯ ತಿರುವಿನಲ್ಲಿ ಕಾರು ಒಂದು ಬದಿಗೆ ವಾಲಿತು. ಮರುಕ್ಷಣ ಹಿಂದಿನ ಎರಡೂ ಚಕ್ರಗಳಿಂದ ಕೆಸರು ಎದ್ದಿತು. ಎಡದಿಂದ ಒಂದು ರೆಕ್ಕೆ, ಬಲದಿಂದ ಒಂದು ರೆಕ್ಕೆ. ಕಾರು ಹೊರಗೆ ಹಾರಿತು.

"ಎರಡೂ! ಎರಡೂ!" ಯಾರೋ ಹೆಂಗಸು ಕಿರುಚುತ್ತಿದ್ದಳು. ಅದು ನಾನೇ ಎಂದು ತಿಳಿದದ್ದು ಸುತ್ತಲಿನವರು ತಿರುಗಿ ನೋಡಿದಾಗ. ಮೈಕಿನವನೂ ಮಾತು ನಿಲ್ಲಿಸಿ ನನ್ನ ಕಡೆ ನೋಡಿದ. "ಎಂತ ಎರಡೂ, ಅಮ್ಮಾ?"

ಮೈಕಿನಲ್ಲಿ ಕೇಳಿದರೆ ಉತ್ತರ ಕೊಡದೆ ಇರಲಿಕ್ಕಾಗುತ್ತದೆಯೇ? "ಚಕ್ರ!" ಎಂದು ಇನ್ನೂ ಜೋರಾಗಿ ಕೂಗಿದೆ.

ಅವಳಿಗೆ ನಾಲ್ಕನೆಯ ಸ್ಥಾನ ಬಂತು. ನನ್ನ ಸೀರೆಯ ಕೆಸರು ಎರಡು ಒಗೆತಕ್ಕೂ ಹೋಗಲಿಲ್ಲ.