ಅಳೆಯದೆ ಹೇಳಿದ ಬಿ.ಪಿ.

1985ರಲ್ಲಿ ನಾನು ಸುಂಕದಕಟ್ಟೆಯ ಆರೋಗ್ಯ ಉಪಕೇಂದ್ರದಲ್ಲಿ ಎ.ಎನ್.ಎಂ. ಆಗಿದ್ದೆ. ಎ.ಎನ್.ಎಂ. ಎಂದರೆ ಹಳ್ಳಿಯ ಬಸುರಿ, ಬಾಣಂತಿಯರನ್ನೂ ಮಕ್ಕಳನ್ನೂ ನೋಡಿಕೊಳ್ಳುವ ಸಹಾಯಕ ನರ್ಸು. ಕೇಂದ್ರ ಎಂಬ ದೊಡ್ಡ ಹೆಸರಿದ್ದರೂ ಅದು ಮಾಗಡಿ ರಸ್ತೆಯ ಬದಿಯ ಒಂದು ಬಾಡಿಗೆ ಕೋಣೆ. ಒಂದು ಮಂಚ, ಒಂದು ಮೇಜು, ಒಂದು ಬೀರು, ನಾನು. ಸುತ್ತಲೂ ಆಗಿನ್ನೂ ರಾಗಿ ಹೊಲ. ರಾಜಾಜಿನಗರಕ್ಕೆ ಬಸ್ಸಿನಲ್ಲಿ ಅರ್ಧ ಗಂಟೆಯಾದರೂ ಬಸ್ಸು ಬರುವುದೇ ಅಪರೂಪ, ಡಾಕ್ಟರು ಬರುವುದು ಇನ್ನೂ ಅಪರೂಪ.

ಈಗ ಟೆಲಿಮೆಡಿಸಿನ್ ಎನ್ನುತ್ತಾರಲ್ಲ, ನಮಗೆ ಅದು ‘ಎರಡು ಗಂಟೆ ಫೋನು’. ರಾಜಾಜಿನಗರದ ಒಂದು ಹೆರಿಗೆ ಆಸ್ಪತ್ರೆಯ ಡಾ. ಸುಮಿತ್ರಾ ತಾವಾಗಿಯೇ ಈ ಏರ್ಪಾಡು ಮಾಡಿದ್ದರು. ಮಧ್ಯಾಹ್ನ ಎರಡರಿಂದ ಮೂರರವರೆಗೆ ಅವರು ಫೋನಿನ ಪಕ್ಕದಲ್ಲೇ ಇರುತ್ತಿದ್ದರು; ಸುತ್ತಿನ ಹಳ್ಳಿಗಳ ನರ್ಸುಗಳು ಕೇಸು ವಿವರಿಸಿ ಸಲಹೆ ಪಡೆಯಬಹುದಿತ್ತು. ಮೂರಕ್ಕೆ ಅವರು ಆಪರೇಷನ್ ಥಿಯೇಟರಿಗೆ ಹೋದರೆ ಮುಗಿಯಿತು. ನನಗಿದ್ದ ಫೋನು ಎದುರಿನ ಮರ ಕೊಯ್ಯುವ ಮಿಲ್ಲಿನದು. ನಾನು ರಿಸೀವರ್ ಎತ್ತಿದರೆ ಮಾಲೀಕ ನಂಜಪ್ಪನವರು ಗರಗಸ ನಿಲ್ಲಿಸುತ್ತಿದ್ದರು. ಆ ನಿಶ್ಶಬ್ದದಲ್ಲಿ ಊರಿನ ಬಸುರಿಯರ ಸಂಗತಿಯೆಲ್ಲ ಎಂಟು ಜನ ಕೂಲಿಗಳ ಕಿವಿಗೆ ಬೀಳುತ್ತಿತ್ತು.

ಇನ್ನು ನನ್ನ ತಪ್ಪಿನ ವಿಷಯ. ಬಿ.ಪಿ. ಯಂತ್ರದ ರಬ್ಬರ್ ಬಲ್ಬು ಸೀಳಿ ಮೂರು ವಾರವಾಗಿತ್ತು. ಹೊಸದಕ್ಕೆ ಬರೆದು ಕಳಿಸಿದ್ದೆ, ಬಂದಿರಲಿಲ್ಲ. ರಿಜಿಸ್ಟರಿನಲ್ಲಿ ಬಿ.ಪಿ. ಕಾಲಂ ಖಾಲಿ ಬಿಟ್ಟರೆ ತಿಂಗಳ ಮೀಟಿಂಗಿನಲ್ಲಿ ಎಲ್ಲರ ಎದುರು ಮಂಗಳಾರತಿ. 120/80 ಎಂದು ಬರೆದರೆ ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ. ಹಿರಿಯ ನರ್ಸೊಬ್ಬರು ನನಗೆ ಈ ವಿದ್ಯೆ ಕಲಿಸಿದ್ದರು. ನಾನೂ ಬೇಗ ಕಲಿತೆ.

ಆ ಮಧ್ಯಾಹ್ನ ಹೆಗ್ಗನಹಳ್ಳಿಯ ಗೌರಮ್ಮ ತಮ್ಮ ಮಗಳು ರತ್ನಳನ್ನು ಕರೆತಂದರು. ಚೊಚ್ಚಲು, ಎಂಟು ತಿಂಗಳು. ಹೆರಿಗೆಗೆಂದು ತವರಿಗೆ ಬಂದಿದ್ದಳು. ಎರಡು ದಿನದಿಂದ ತಲೆನೋವು ಎಂದಳು. ಎರಡೂವರೆಗೆ ಮಿಲ್ಲಿಗೆ ಹೋಗಿ ಫೋನು ಮಾಡಿದೆ. ಡಾಕ್ಟರು ಬಿ.ಪಿ. ಎಷ್ಟು ಎಂದು ಕೇಳಿದರು. ನನ್ನ ಬಾಯಿ, ನನ್ನನ್ನು ಕೇಳದೆಯೇ, ನೂರಿಪ್ಪತ್ತು ಎಂಬತ್ತು ಎಂದಿತು. ಹಾಗಾದರೆ ಗಾಬರಿಯಿಲ್ಲ, ಮಾತ್ರೆ ಕೊಟ್ಟು ಮಲಗಿಸು, ಶುಕ್ರವಾರ ಇಲ್ಲಿಗೆ ಕಳಿಸು ಎಂದರು.

ಕೋಣೆಗೆ ಬಂದು ಹಾಗೆಯೇ ಹೇಳಿದೆ. ಡಾಕ್ಟರೇ ಹೇಳಿದ ಮೇಲೆ ಗೌರಮ್ಮನ ಮುಖ ತಿಳಿಯಾಯಿತು. ರತ್ನ ಹೊರಡಲು ಎದ್ದಳು. ಬಾಗಿಲು ಹಿಡಿಯಲು ಕೈ ಚಾಚಿದಳು. ಕೈ ಗೋಡೆಗೆ ತಾಗಿತು. ಮತ್ತೆ ಚಾಚಿದಳು, ಮತ್ತೆ ಗೋಡೆ. ಕಣ್ಣ ಮುಂದೆ ಬರೀ ಮಿಂಚು ಎಂದಳು.

ಬಸುರಿಗೆ ತಲೆನೋವಿನ ಜೊತೆ ಕಣ್ಣು ಮಂಜಾದರೆ ಬಿ.ಪಿ. ಏರಿದೆ, ಫಿಟ್ಸ್ ಬರಬಹುದು, ತಾಯಿ ಮಗು ಇಬ್ಬರೂ ಹೋಗಬಹುದು ಎಂದು ಟ್ರೇನಿಂಗಿನಲ್ಲಿ ಉರು ಹೊಡೆದಿದ್ದೆ. ಆದರೂ ಮೊದಲು ಬಂದದ್ದು ಕೆಲಸ ಹೋಗುತ್ತದೆ ಎಂಬ ಭಯ. ನಾಚಿಕೆಯಿಂದಲೇ ಬರೆಯುತ್ತಿದ್ದೇನೆ. ಸುಮ್ಮನಿದ್ದು ಬಸ್ಸು ಹತ್ತಿಸಿಬಿಡಲೇ ಎಂದೂ ಒಂದು ಕ್ಷಣ ಯೋಚಿಸಿದೆ. ಗಡಿಯಾರದಲ್ಲಿ ಮೂರಕ್ಕೆ ಹದಿನೈದು ನಿಮಿಷವಿತ್ತು. ರತ್ನಳನ್ನು ಮಂಚದ ಮೇಲೆ ಮಲಗಿಸಿ ರಸ್ತೆ ದಾಟಿ ಓಡಿದೆ.

ಗರಗಸ ನಿಂತಿತು. ಎಂಟು ಜನರೂ ಕೇಳುತ್ತಿದ್ದರು. “ಮೇಡಂ, ನಾನು ಬಿ.ಪಿ. ನೋಡೇ ಇಲ್ಲ. ಸುಳ್ಳು ಹೇಳ್ದೆ” ಎಂದೆ.

ಡಾಕ್ಟರು ತಕ್ಷಣ ಕೇಳಿದರು:

“ಬೈಯೋದು ಆಮೇಲೆ. ಕಣ್ಣಲ್ಲಿ ನೋಡಿದ್ದು ಮಾತ್ರ ಹೇಳು. ಅವಳಿಗೆ ಬಳೆ ತೊಡ್ಸಿದಾರಾ?”

ಸೀಮಂತವಾಗಿ ಒಂಬತ್ತು ದಿನವಾಗಿತ್ತು. ಎರಡೂ ಕೈ ತುಂಬ ಹಸಿರು ಬಳೆ ಇದ್ದವು. ಅವು ಕೈಯಲ್ಲಿ ತಿರುಗುತ್ತವೆಯೇ ನೋಡು, ಮೂತ್ರ ಕಾಯಿಸಿ ನೋಡು, ನಾನು ಫೋನು ಇಡುವುದಿಲ್ಲ ಎಂದರು. ಮತ್ತೆ ಓಡಿದೆ. ತೊಡಿಸಿದ ದಿನ ಸಡಿಲವಾಗಿದ್ದ ಬಳೆಗಳು ಈಗ ಊದಿದ ಮಾಂಸದೊಳಗೆ ಕಚ್ಚಿಕೊಂಡಿದ್ದವು. ಒಂದೂ ಅಲುಗಲಿಲ್ಲ. ಟೆಸ್ಟ್ ಟ್ಯೂಬಿನಲ್ಲಿ ಮೂತ್ರ ಹಾಕಿ ಸ್ಪಿರಿಟ್ ದೀಪಕ್ಕೆ ಹಿಡಿದೆ. ಒಡೆದ ಹಾಲಿನಂತೆ ಬೆಳ್ಳಗಾಯಿತು. ಅದು ಆಲ್ಬುಮಿನ್, ಮೂತ್ರದಲ್ಲಿ ಇರಬಾರದ ಪ್ರೋಟೀನು. ದೀಪ ಆರಿಸುವಂತೆ ಗೌರಮ್ಮನಿಗೆ ಹೇಳಿದೆ.

ಓಡಿಹೋಗಿ ಹೇಳಿದೆ. ಡಾಕ್ಟರ ದನಿ ಬದಲಾಯಿತು. “ಯಾವಾಗ ಬೇಕಾದ್ರೂ ಫಿಟ್ಸ್ ಬರತ್ತೆ. ಎಡಮಗ್ಗುಲಲ್ಲಿ ಮಲಗ್ಸಿ ಈಗ್ಲೇ ಕರ್ಕೊಂಡ್ ಬಾ. ಬಾಗಿಲಲ್ಲೇ ನಿಂತಿರ್ತೀನಿ.”

ನಂಜಪ್ಪನವರನ್ನು ಕೇಳುವ ಮೊದಲೇ ಕೂಲಿಗಳು ಮಿಲ್ಲಿನ ಮೆಟಡೋರಿನಿಂದ ಹಲಗೆ ಇಳಿಸತೊಡಗಿದ್ದರು. ಕಾಮಾಕ್ಷಿಪಾಳ್ಯ ದಾಟುವಾಗ ಫಿಟ್ಸ್ ಬಂತು. ರತ್ನಳ ಮೈ ಮರದಂತೆ ಸೆಟೆದುಕೊಂಡು, ಆಮೇಲೆ ಅದುರತೊಡಗಿತು. ತುಟಿ ನೀಲಿಯಾಯಿತು. ಉಸಿರು ಕಾಣಲಿಲ್ಲ. ತಲೆ ಪಕ್ಕಕ್ಕೆ ಹಿಡಿದು ನೊರೆ ಒರೆಸುತ್ತಾ, ಕೊಂದೆ, ನಾನೇ ಕೊಂದೆ ಎಂದುಕೊಳ್ಳುತ್ತಿದ್ದೆ. ಗೌರಮ್ಮ ಮಗಳ ಪಾದ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದರು. ಅಷ್ಟು ಹೆದರಿದ್ದು ನನಗೆ ಜೀವಮಾನದಲ್ಲಿ ಬೇರೆ ನೆನಪಿಲ್ಲ. ಕೊನೆಗೆ ಗೊರಕೆಯಂಥ ಒಂದು ಉಸಿರು ಬಂತು.

ಡಾಕ್ಟರು ಸ್ಟ್ರೆಚರ್ ಸಮೇತ ಗೇಟಿನಲ್ಲೇ ಇದ್ದರು. ಅಳೆದಾಗ ಬಿ.ಪಿ. 180/120. ಆಪರೇಷನ್ ಮಾಡಿ ಮಗು ತೆಗೆದರು, ಹೆಣ್ಣು, ಒಂದು ಕೆ.ಜಿ. ಎಂಟುನೂರು ಗ್ರಾಂ. ರತ್ನ ಕಣ್ಣು ಬಿಟ್ಟದ್ದು ಮಾರನೆಯ ಮಧ್ಯಾಹ್ನ. ಇಬ್ಬರೂ ಉಳಿದರು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. ಬೈಗುಳಕ್ಕೆ ತಲೆ ತಗ್ಗಿಸಿದೆ.

“ಫೋನಲ್ಲಿ ನಾನು ಕುರುಡಿ, ಲಲಿತಾ. ನೀನು ಹೇಳಿದ್ದಷ್ಟೇ ನಂಗೆ ಕಾಣೋದು” ಎಂದರು. ಬೈದಿದ್ದರೆ ವಾಸಿಯಿತ್ತು.

ಹದಿನೈದು ದಿನದ ಮೇಲೆ ಗೌರಮ್ಮ ಬಾಳೆಹಣ್ಣು, ರವಿಕೆ ಕಣ ತಂದು, ಮಗಳ ಜೀವ ಉಳಿಸಿದ್ದು ನೀನೇ ಎಂದರು. ತೆಗೆದುಕೊಳ್ಳಲಾಗಲಿಲ್ಲ. ಮೊದಲ ಫೋನಿನಲ್ಲಿ ಹೇಳಿದ ಸುಳ್ಳನ್ನು ಹೇಳಿದೆ. ಅವರು ತಂದದ್ದನ್ನು ಸೆರಗಿನಲ್ಲಿ ಕಟ್ಟಿಕೊಂಡು ಎದ್ದು ಹೋದರು.

ಎರಡು ವರ್ಷ ಆ ಮನೆಯವರು ಕೇಂದ್ರದ ಕಡೆ ತಲೆ ಹಾಕಲಿಲ್ಲ. ಒಂದು ಬೆಳಿಗ್ಗೆ ಗೌರಮ್ಮ ಬಸುರಿಯಾದ ಎರಡನೆಯ ಮಗಳನ್ನು ಕರೆದುಕೊಂಡು ಬಾಗಿಲಲ್ಲಿ ನಿಂತಿದ್ದರು.

“ನೀನೇ ನೋಡು ನರ್ಸಮ್ಮ. ಆದ್ರೆ ನನ್ ಮುಂದೇನೇ ಅಳೀಬೇಕು.”

ಓದು ಬಾರದ ಆ ಹೆಂಗಸು ನನ್ನ ಭುಜಕ್ಕೆ ಒತ್ತಿ ನಿಂತು, ಹೊಸ ಬಲ್ಬು ಹಾಕಿದ್ದ ಬಿ.ಪಿ. ಯಂತ್ರದಲ್ಲಿ ಪಾದರಸ ಇಳಿಯುವುದನ್ನೇ ನೋಡಿದರು. ಅಂಕಿಯನ್ನು ಗಟ್ಟಿಯಾಗಿ ಓದಿ ಹೇಳಿದೆ. ಅವರು ತಲೆಯಾಡಿಸಿದ ಮೇಲೆ ಬರೆದೆ. ನಿವೃತ್ತಿಯಾಗುವವರೆಗೂ ನಾನು ಯಾರ ಬಿ.ಪಿ.ಯನ್ನೂ ಅವರವರಿಗೇ ಓದಿ ಹೇಳದೆ ಬರೆಯಲಿಲ್ಲ.